ನೈಲಾನ್ ಜನಕ ಬದಿಗಿಟ್ಟ ವಸ್ತು ಮಿದುಳಿನ ಪೊರೆಗೆ ಬಂದ ಬಗೆ

ಹುಮನಾಬಾದ್ ತಾಲ್ಲೂಕಿನ ಹುಡಗಿಯಂತಹ ಊರಿನಲ್ಲಿ ಬೈಕಿನಿಂದ ಬಿದ್ದು ತಲೆಗೆ ತೀವ್ರ ಪೆಟ್ಟಾದರೆ ಬೀದರ್, ಕಲಬುರಗಿ ಇಲ್ಲವೇ ಹೈದರಾಬಾದಿನ ದಾರಿ ಹಿಡಿಯಬೇಕು. ತಲೆಬುರುಡೆಯ ಕೆಳಗೆ ಮಿದುಳನ್ನು ಆವರಿಸಿರುವ ಗಟ್ಟಿ ಪೊರೆ 'ಡ್ಯೂರಾ' ಹರಿದಿದ್ದರೆ ಶಸ್ತ್ರವೈದ್ಯರು ಅದಕ್ಕೆ ತೇಪೆ ಹಾಕುತ್ತಾರೆ. ತೇಪೆ ಸಡಿಲವಾದರೆ ಒಳಗಿನ ದ್ರವ ಸೋರಿ, ಸೋಂಕು ನುಗ್ಗಿ, ಜೀವಕ್ಕೇ ಕುತ್ತು. ದೇಹದಲ್ಲೇ ಕರಗುವ ಕೃತಕ ತೇಪೆಗಳು ಈಗ ಬಳಕೆಯಲ್ಲಿವೆ. ಅವುಗಳ ಬೇರು ಹುಡುಕಿದರೆ ಎದುರಾಗುವ ಹೆಸರು ವ್ಯಾಲೇಸ್ ಕರೋದರ್ಸ್. ಜಗತ್ತು ಅವರನ್ನು ಬಲ್ಲುದು ನೈಲಾನ್ ಜನಕನೆಂದು ಮಾತ್ರ.

ಅಮೆರಿಕದ ಅಯೋವಾ ರಾಜ್ಯದ ಬರ್ಲಿಂಗ್ಟನ್‌ನಲ್ಲಿ 1896ರ ಏಪ್ರಿಲ್ 27ರಂದು ಜನಿಸಿದ ಕರೋದರ್ಸ್ ಮೊದಲು ಕಲಿತದ್ದು ಲೆಕ್ಕಪತ್ರ. ಬಳಿಕ ಟಾರ್ಕಿಯೋ ಕಾಲೇಜಿಗೆ ಸೇರಿ, ವಿದ್ಯಾರ್ಥಿಯಾಗಿದ್ದಾಗಲೇ ಅಲ್ಲಿ ರಸಾಯನಶಾಸ್ತ್ರ ಬೋಧಿಸಿದರು. 1924ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್, ಅನಂತರ ಹಾರ್ವರ್ಡ್‌ನಲ್ಲಿ ಅಧ್ಯಾಪನ. ಡುಪಾಂಟ್ ಕಂಪನಿ ಕರೆದಾಗ ಹಿಂಜರಿದರು. ಆಗಾಗ ಮುತ್ತುವ ಖಿನ್ನತೆಯನ್ನು ಮುಚ್ಚುಮರೆಯಿಲ್ಲದೆ ತಿಳಿಸಿದರು. ಕಂಪನಿ ಪಟ್ಟುಬಿಡಲಿಲ್ಲ, 1928ರಲ್ಲಿ ವಿಲ್ಮಿಂಗ್ಟನ್ ಪ್ರಯೋಗಾಲಯ ಸೇರಿದರು.

1930ರಲ್ಲಿ ಅವರ ಸಹೋದ್ಯೋಗಿ ಜೂಲಿಯನ್ ಹಿಲ್ ಕರಗಿದ ಪಾಲಿಯೆಸ್ಟರ್‌ನಿಂದ ರೇಷ್ಮೆಯಂತಹ ಎಳೆ ಎಳೆದರು. ಆದರೆ ಅದು ಕಡಿಮೆ ಶಾಖಕ್ಕೇ ಕರಗುತ್ತಿತ್ತು, ನೀರಿಗೂ ತಾಳುತ್ತಿರಲಿಲ್ಲ. ಒಗೆದರೆ ಹಾಳಾಗುವ ಬಟ್ಟೆ ಯಾರಿಗೆ ಬೇಕು? 1932ರಲ್ಲಿ ಲ್ಯಾಕ್ಟಿಕ್ ಆಮ್ಲದ ಪಾಲಿಮರ್‌ಗಳ ಮೇಲೂ ಕರೋದರ್ಸ್ ತಂಡ ಅಧ್ಯಯನ ಪ್ರಕಟಿಸಿತು. ಕೊನೆಗೆ ಈ ಜಾತಿಯ ಪಾಲಿಯೆಸ್ಟರ್‌ಗಳನ್ನು ಬದಿಗಿಟ್ಟು ಪಾಲಿಅಮೈಡ್‌ಗಳತ್ತ ತಿರುಗಿದರು. 1935ರ ಫೆಬ್ರುವರಿ 28ರಂದು ನೈಲಾನ್ ಸಿದ್ಧವಾಯಿತು.

ಗೆಲುವು ಅವರಿಗೆ ನೆಮ್ಮದಿ ತರಲಿಲ್ಲ. 1936ರಲ್ಲಿ ಹೆಲೆನ್ ಸ್ವೀಟ್‌ಮನ್ ಅವರೊಡನೆ ವಿವಾಹ. ಅದೇ ವರ್ಷ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯತ್ವ. ಮರುವರ್ಷದ ಜನವರಿಯಲ್ಲಿ ತಂಗಿ ಇಸಬೆಲ್ ತೀರಿಕೊಂಡರು. 41 ತುಂಬಿದ ಎರಡನೇ ದಿನ, 1937ರ ಏಪ್ರಿಲ್ 29ರಂದು, ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಕರೋದರ್ಸ್ ತಮ್ಮ ಬದುಕನ್ನು ತಾವೇ ಮುಗಿಸಿಕೊಂಡರು. ಮಗಳು ಜೇನ್ ಹುಟ್ಟಿದ್ದು ಅದೇ ನವೆಂಬರಿನಲ್ಲಿ. ನೈಲಾನ್ ಕಾಲುಚೀಲಗಳು ದೇಶವ್ಯಾಪಿ ಮಾರುಕಟ್ಟೆಗೆ ಬಂದದ್ದು 1940ರಲ್ಲಿ.

ಬಟ್ಟೆಗೆ ಒಲ್ಲದ ಗುಣವೇ ಶಸ್ತ್ರಕ್ರಿಯೆಗೆ ಒದಗಿತು. 1960ರ ದಶಕದಲ್ಲಿ ಅದೇ ಕುಟುಂಬದ ಗ್ಲೈಕೋಲಿಕ್ ಆಮ್ಲದ ಪಾಲಿಮರ್‌ನಿಂದ ಕರಗುವ ಹೊಲಿಗೆ ದಾರ ರೂಪುಗೊಂಡಿತು. ಮಿದುಳಿನ ಪೊರೆಗೆ ಆಗ ಮೃತರ ದೇಹದಿಂದ ತೆಗೆದು ಸಂಸ್ಕರಿಸಿದ ಡ್ಯೂರಾವನ್ನೂ ಬಳಸುತ್ತಿದ್ದರು. ಅದರ ಮೂಲಕ ಕ್ರಾಯ್ಟ್ಸ್‌ಫೆಲ್ಟ್–ಯಾಕೋಬ್ ಎಂಬ ಮಾರಕ ಮಿದುಳು ರೋಗ ಹರಡಿದ ಪ್ರಕರಣ 1987ರಲ್ಲಿ ವರದಿಯಾಯಿತು. ಜಪಾನೊಂದರಲ್ಲೇ ನೂರಕ್ಕೂ ಹೆಚ್ಚು ಮಂದಿ ಹೀಗೆ ಪೀಡಿತರಾದರು. ಕೃತಕ ತೇಪೆಯಲ್ಲಿ ಈ ಭಯವಿಲ್ಲ. ದೇಹದ ಸ್ವಂತ ಅಂಗಾಂಶ ಬೆಳೆಯುವ ತನಕ ಅದು ಆಸರೆಯಾಗುತ್ತದೆ. ನೀರಿನಂಶ ತಾಗುತ್ತ ತಾಗುತ್ತ ಒಡೆದು ಲ್ಯಾಕ್ಟಿಕ್ ಆಮ್ಲವಾಗಿ, ಕಡೆಗೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ದೇಹದಿಂದ ಹೊರಹೋಗುತ್ತದೆ.