ಸಾಕ್ಷಿಯ ಮನಸ್ಸನ್ನು ಅಳೆಯಹೊರಟ ಹ್ಯೂಗೋ ಮುನ್‌ಸ್ಟರ್‌ಬರ್ಗ್

ಈ ಬಾರಿಯ ವ್ಯಕ್ತಿ ಪರಿಚಯಕ್ಕೆ ನಾವು ಆರಿಸಿಕೊಂಡವರು ನಮ್ಮ ನಾಡಿನವರಲ್ಲ. ಪ್ರಷ್ಯದಲ್ಲಿ ಹುಟ್ಟಿ ಅಮೆರಿಕದಲ್ಲಿ ತೀರಿಕೊಂಡ ಪ್ರಾಧ್ಯಾಪಕರು. ಆದರೂ ಅವರ ವಿಷಯ ನಮಗೆ ದೂರದ್ದೇನಲ್ಲ. ಜಮೀನಿನ ವ್ಯಾಜ್ಯ, ಅಪಘಾತ, ಕಳವು ಎಂದು ಕೋರ್ಟಿನ ಮೆಟ್ಟಿಲು ಹತ್ತಿದವರು, ಸಾಕ್ಷಿ ಹೇಳಿ ಬಂದವರು ನಮ್ಮ ಎಲ್ಲ ಊರುಗಳಲ್ಲೂ ಇದ್ದಾರೆ. ಪ್ರಮಾಣ ಮಾಡಿ, ಮನಸ್ಸಿನಲ್ಲಿ ಕಪಟವಿಲ್ಲದೆ ಹೇಳಿದ ಮಾತೂ ತಪ್ಪಾಗಿರಬಹುದೇ? ತಜ್ಞರೆನಿಸಿಕೊಂಡವರ ಮಾತನ್ನು ನ್ಯಾಯಾಲಯ ಎಷ್ಟು ನಂಬಬೇಕು? ಈ ಎರಡು ಪ್ರಶ್ನೆಗಳನ್ನು ಬೀದಿಗೆ ತಂದು ಚರ್ಚೆ ಮಾಡಿಸಿದವರು ಹ್ಯೂಗೋ ಮುನ್‌ಸ್ಟರ್‌ಬರ್ಗ್.

ಅವರು ಹುಟ್ಟಿದ್ದು 1863ರ ಜೂನ್ 1ರಂದು, ಬಾಲ್ಟಿಕ್ ಸಮುದ್ರ ತೀರದ ಡಾನ್‌ಜಿಗ್ ಪಟ್ಟಣದಲ್ಲಿ. ಇಂದು ಅದು ಪೋಲೆಂಡಿನ ಗ್ದಾನ್ಸ್ಕ್. ಯೆಹೂದಿ ವರ್ತಕ ಕುಟುಂಬ. ಹುಡುಗನಿಗೆ ಹನ್ನೆರಡು ವರ್ಷವಾದಾಗ ತಾಯಿ ತೀರಿಕೊಂಡರು, ಕೆಲವೇ ವರ್ಷಗಳಲ್ಲಿ ತಂದೆಯೂ ಹೋದರು. ಲೈಪ್‌ಜಿಗ್‌ನಲ್ಲಿ ಪ್ರಾಯೋಗಿಕ ಮನಶ್ಶಾಸ್ತ್ರದ ಮೂಲಪುರುಷರಾದ ವಿಲ್‌ಹೆಲ್ಮ್ ವುಂಟ್ ಅವರ ಬಳಿ ಕಲಿತು 1885ರಲ್ಲಿ ಡಾಕ್ಟರೇಟ್ ಪಡೆದರು. 1887ರಲ್ಲಿ ಹೈಡಲ್‌ಬರ್ಗ್‌ನಿಂದ ವೈದ್ಯಕೀಯ ಪದವಿಯನ್ನೂ ಪಡೆದರು. ಫ್ರೈಬುರ್ಗ್‌ನಲ್ಲಿ ಪಾಠ ಹೇಳುತ್ತಿದ್ದಾಗ ಸ್ವಂತ ಹಣ ಹಾಕಿ ಮನೆಯಲ್ಲೇ ಪ್ರಯೋಗಶಾಲೆ ನಡೆಸಿದರು. ಅವರ ಕೆಲಸವನ್ನು ಮೆಚ್ಚಿದ ವಿಲಿಯಂ ಜೇಮ್ಸ್ 1892ರಲ್ಲಿ ಅವರನ್ನು ಹಾರ್ವರ್ಡ್‌ಗೆ ಕರೆಸಿಕೊಂಡರು. ಮೂರು ವರ್ಷ ಅಲ್ಲಿದ್ದು ಊರಿಗೆ ಮರಳಿದರೂ 1897ರಲ್ಲಿ ಮತ್ತೆ ಹಾರ್ವರ್ಡ್ ಸೇರಿ ಕೊನೆಯವರೆಗೂ ಅಲ್ಲೇ ಉಳಿದರು. ಮರುವರ್ಷವೇ ಅಮೆರಿಕದ ಮನಶ್ಶಾಸ್ತ್ರ ಸಂಘದ ಅಧ್ಯಕ್ಷರಾದರು.

ಅವರನ್ನು ಕೋರ್ಟಿನ ಕಡೆಗೆ ಎಳೆದದ್ದು 1906ರ ಒಂದು ಕೊಲೆ ಪ್ರಕರಣ. ಶಿಕಾಗೋದಲ್ಲಿ ಗೃಹಿಣಿಯೊಬ್ಬರ ಹತ್ಯೆಯಾಯಿತು. ರಿಚರ್ಡ್ ಐವನ್ಸ್ ಎಂಬ ಯುವಕ ಪೊಲೀಸರ ಮುಂದೆ ತಪ್ಪೊಪ್ಪಿಕೊಂಡ, ಆಮೇಲೆ ತಾನು ಮಾಡಿಲ್ಲ ಎಂದ. ಆ ಹೊತ್ತಿಗೆ ಅವನು ಬೇರೆ ಕಡೆ ಇದ್ದ ಎಂದು ಹಲವರು ಸಾಕ್ಷಿ ನುಡಿದರು. ಆದರೂ ಗಲ್ಲು ಶಿಕ್ಷೆಯಾಯಿತು. ಶಿಕಾಗೋದ ವೈದ್ಯರೊಬ್ಬರು ಕಾಗದಪತ್ರಗಳನ್ನು ಕಳಿಸಿ ಅಭಿಪ್ರಾಯ ಕೇಳಿದಾಗ, ಭಯ ಮತ್ತು ಒತ್ತಾಯದ ಪ್ರಶ್ನೆಗಳ ನಡುವೆ ದುರ್ಬಲ ಮನಸ್ಸು ತಾನು ಮಾಡದ್ದನ್ನೂ ಮಾಡಿದ್ದೇನೆಂದು ನಂಬಿಬಿಡಬಹುದು, ಈ ಒಪ್ಪಿಗೆ ಅಂಥದ್ದೇ ಎಂದು ಮುನ್‌ಸ್ಟರ್‌ಬರ್ಗ್ ಬರೆದರು. ಆ ಪತ್ರ ಪತ್ರಿಕೆಗಳಿಗೆ ಸಿಕ್ಕಿತು. ಹಾರ್ವರ್ಡಿನಲ್ಲಿ ಕುಳಿತವರಿಗೆ ಶಿಕಾಗೋ ಕೋರ್ಟಿನ ಉಸಾಬರಿ ಯಾಕೆ ಎಂದು ಪತ್ರಿಕೆಗಳು ಮುಗಿಬಿದ್ದವು. ಜೂನ್ ತಿಂಗಳಲ್ಲಿ ಐವನ್ಸ್‌ನನ್ನು ಗಲ್ಲಿಗೇರಿಸಲಾಯಿತು.

ಮರುವರ್ಷ ಪರಿಸ್ಥಿತಿ ತಿರುವುಮುರುವಾಯಿತು. ಐಡಾಹೋ ರಾಜ್ಯದ ಮಾಜಿ ಗವರ್ನರ್ ಫ್ರಾಂಕ್ ಸ್ಟೂನೆನ್‌ಬರ್ಗ್ ಅವರನ್ನು ಬಾಂಬಿಟ್ಟು ಕೊಂದ ಹ್ಯಾರಿ ಆರ್ಚರ್ಡ್, ಗಣಿ ಕಾರ್ಮಿಕರ ನಾಯಕ ಬಿಲ್ ಹೇವುಡ್ ಮೊದಲಾದವರೇ ತನ್ನಿಂದ ಇದನ್ನು ಮಾಡಿಸಿದರೆಂದು ಹೇಳಿದ್ದ. ಹೇವುಡ್ ಪರ ವಾದಿಸಿದವರಲ್ಲಿ ಹೆಸರಾಂತ ವಕೀಲ ಕ್ಲಾರೆನ್ಸ್ ಡ್ಯಾರೋ ಇದ್ದರು. ಪತ್ರಿಕೆಯೊಂದರ ಆಹ್ವಾನದ ಮೇಲೆ ಮುನ್‌ಸ್ಟರ್‌ಬರ್ಗ್ ಬಾಯ್ಸಿ ನಗರಕ್ಕೆ ಹೋಗಿ, ಸೆರೆಯಲ್ಲಿದ್ದ ಆರ್ಚರ್ಡ್ ಮೇಲೆ ನೂರರ ಹತ್ತಿರ ಪರೀಕ್ಷೆಗಳನ್ನು ನಡೆಸಿದರು. ಮುಖ್ಯವಾದದ್ದು ಪದಗಳ ಪರೀಕ್ಷೆ: ಒಂದು ಪದ ಹೇಳುವುದು, ಕೇಳಿದವನಿಗೆ ತಟ್ಟನೆ ಹೊಳೆದ ಪದವನ್ನು ಹೇಳಿಸುವುದು, ನಡುವೆ ಹಿಡಿದ ಸಮಯವನ್ನು ಸೆಕೆಂಡಿನ ಭಾಗಗಳಲ್ಲಿ ಅಳೆಯುವುದು. ಬಚ್ಚಿಡುವವನು ಅಪಾಯದ ಪದ ಬಂದಾಗ ತಡವರಿಸುತ್ತಾನೆ ಎಂಬುದು ಅದರ ತರ್ಕ. ಆರ್ಚರ್ಡ್ ತಡವರಿಸಲಿಲ್ಲ. ಅವನು ನಿಜ ಹೇಳುತ್ತಿದ್ದಾನೆಂದು ಪ್ರಾಧ್ಯಾಪಕರಿಗೆ ಮನವರಿಕೆಯಾಯಿತು.

ಎಡವಿದ್ದು ಇಲ್ಲೇ. ತೀರ್ಪು ಬರುವ ಮೊದಲೇ, ಊರಿಗೆ ಮರಳಿ ಬರುವಾಗ ವರದಿಗಾರನೊಬ್ಬನ ಮುಂದೆ ಬಾಯಿಬಿಟ್ಟರು. ಸುದ್ದಿ ದೇಶವೆಲ್ಲ ಹಬ್ಬಿತು. ಕೋರ್ಟಿನಲ್ಲಿ ಪ್ರಮಾಣ ಮಾಡದ, ಪಾಟೀಸವಾಲಿಗೆ ಒಳಗಾಗದ ತಜ್ಞರೊಬ್ಬರು ನಡೆಯುತ್ತಿರುವ ವಿಚಾರಣೆಯ ಬಗ್ಗೆ ತೀರ್ಮಾನ ಹೇಳಿದಂತಾಯಿತು. 1907ರ ಜುಲೈ ಕೊನೆಯಲ್ಲಿ ಜ್ಯೂರಿ ಹೇವುಡ್‌ನನ್ನು ಬಿಡುಗಡೆ ಮಾಡಿತು. ಅಪರಾಧದಲ್ಲಿ ಪಾಲುದಾರನಾದವನ ಮಾತೊಂದರಿಂದಲೇ ಶಿಕ್ಷಿಸಲು ಐಡಾಹೋ ಕಾನೂನು ಬಿಡುತ್ತಿರಲಿಲ್ಲ, ಬೇರೆ ಪುರಾವೆ ಬೇಕಿತ್ತು. ಐವನ್ಸ್ ವಿಷಯದಲ್ಲಿ ಒಬ್ಬನ ಜೀವ ಉಳಿಸಲು ಆಡಿದ ಮಾತು, ಇಲ್ಲಿ ಮತ್ತೊಬ್ಬನ ಕುತ್ತಿಗೆಗೆ ಬರಬಹುದಿತ್ತು. ಅಚ್ಚಿಗೆ ಸಿದ್ಧವಾಗಿದ್ದ ಲೇಖನವನ್ನು ಅವರು ಹಿಂತೆಗೆದುಕೊಂಡರು.

1908ರಲ್ಲಿ ಬಂದ ಅವರ ಪುಸ್ತಕ ಆನ್ ದಿ ವಿಟ್‌ನೆಸ್ ಸ್ಟ್ಯಾಂಡ್ ಇಂದಿಗೂ ಈ ಶಾಸ್ತ್ರದ ಮೊದಲ ಮೆಟ್ಟಿಲು. ಅದರಲ್ಲಿ ನಮಗೆ ಬಹಳ ಹಿಡಿಸುವುದು ಅವರು ತಮ್ಮ ತಪ್ಪನ್ನೇ ಉದಾಹರಣೆಯಾಗಿ ಕೊಟ್ಟಿರುವುದು. ಬೇಸಿಗೆಯಲ್ಲಿ ಮನೆಯವರೆಲ್ಲ ಸಮುದ್ರ ತೀರಕ್ಕೆ ಹೋಗಿದ್ದಾಗ ಅವರ ಮನೆಗೆ ಕಳ್ಳರು ನುಗ್ಗಿದ್ದರು. ಅವರು ಕೋರ್ಟಿನಲ್ಲಿ ಪ್ರಮಾಣ ಮಾಡಿ ಸಾಕ್ಷಿ ಹೇಳಿದರು. ಆಮೇಲೆ ನೋಡಿದರೆ, ಕಳ್ಳರು ಬಂದದ್ದು ನೆಲಮನೆಯ ಕಿಟಕಿಯಿಂದಲ್ಲ, ಬಾಗಿಲು ಮುರಿದು. ಗಡಿಯಾರ ಸುತ್ತಿದ್ದು ಕಾಗದದಲ್ಲಲ್ಲ, ಮೇಜಿನ ಬಟ್ಟೆಯಲ್ಲಿ. ಮೇಣದ ಹನಿ ಬಿದ್ದಿದ್ದು ಎರಡನೇ ಮಹಡಿಯಲ್ಲಲ್ಲ, ಅಟ್ಟದಲ್ಲಿ. ಇಬ್ಬರು ಕಳ್ಳರೆಂದು ಹೇಳಿದ್ದಕ್ಕೂ ಆಧಾರವಿರಲಿಲ್ಲ. ಒಂದು ಸುಳ್ಳೂ ಹೇಳುವ ಉದ್ದೇಶವಿಲ್ಲದೆ ಇಷ್ಟು ತಪ್ಪು. ತರಗತಿಯಲ್ಲಿಯೂ ಅವರು ಪರೀಕ್ಷಿಸಿದ್ದರು: ಬಿಳಿ ಹಲಗೆಯ ಮೇಲೆ 50 ಕಪ್ಪು ಚೌಕಗಳನ್ನು ಅಂಟಿಸಿ 5 ಸೆಕೆಂಡು ತೋರಿಸಿದರೆ, ವಿದ್ಯಾರ್ಥಿಗಳ ಲೆಕ್ಕ 25ರಿಂದ 200ರವರೆಗೆ ಹೋಯಿತು. ಗಟ್ಟಿಯಾಗಿ ಹೇಳಿದ ಮಾತ್ರಕ್ಕೆ ಸಾಕ್ಷ್ಯ ಸರಿಯಾಗುವುದಿಲ್ಲ, ಪ್ರಶ್ನೆ ಕೇಳುವ ರೀತಿಯೇ ಉತ್ತರವನ್ನು ತಿದ್ದಿಬಿಡುತ್ತದೆ ಎಂಬುದು ಪುಸ್ತಕದ ಸಾರ.

ವಕೀಲರು ಮನಶ್ಶಾಸ್ತ್ರವನ್ನು ಕಡೆಗಣಿಸುತ್ತಾರೆಂದು ಅವರು ಹಂಗಿಸಿದ್ದು ಸುಮ್ಮನೆ ಹೋಗಲಿಲ್ಲ. ಸಾಕ್ಷ್ಯ ಕಾನೂನಿನ ಮಹಾಪಂಡಿತ ಜಾನ್ ಹೆನ್ರಿ ವಿಗ್‌ಮೋರ್ 1909ರಲ್ಲಿ ಒಂದು ಕಾಲ್ಪನಿಕ ಮೊಕದ್ದಮೆಯನ್ನೇ ಬರೆದರು. ಅದರಲ್ಲಿ ವಕೀಲರು ಪ್ರಾಧ್ಯಾಪಕರ ಮೇಲೆ ಮಾನಹಾನಿ ದಾವೆ ಹೂಡುತ್ತಾರೆ. ನಿಮ್ಮ ಯಾವ ಪರೀಕ್ಷೆ ಕೋರ್ಟಿನಲ್ಲಿ ಬಳಸುವಷ್ಟು ಪಕ್ಕಾ ಆಗಿದೆ ಎಂದು ಪಾಟೀಸವಾಲಿನಲ್ಲಿ ಹಿಂಡಿ, ಕೊನೆಗೆ ಒಂದು ಡಾಲರ್ ಪರಿಹಾರ ಗೆಲ್ಲುತ್ತಾರೆ. ವಿಗ್‌ಮೋರ್ ಬಾಗಿಲು ಮುಚ್ಚಲಿಲ್ಲ. ಶಾಸ್ತ್ರ ಸಿದ್ಧವಾದ ದಿನ ಕೋರ್ಟೂ ಸಿದ್ಧ ಎಂಬುದು ಅವರ ನಿಲುವಾಗಿತ್ತು. ಆ ಏಟು ನ್ಯಾಯವಾದದ್ದೇ ಎಂದು ನಮಗನಿಸುತ್ತದೆ. ಮುಂದೆಯೂ ಮುನ್‌ಸ್ಟರ್‌ಬರ್ಗ್ ಅವಸರ ಬಿಡಲಿಲ್ಲ. ತರಗತಿಯ ಸಣ್ಣ ಪ್ರಯೋಗವೊಂದನ್ನು ಹಿಡಿದು, ಹೆಂಗಸರು ಜ್ಯೂರಿಗೆ ತಕ್ಕವರಲ್ಲ ಎಂದುಬಿಟ್ಟರು.

ಮಹಾಯುದ್ಧ ಶುರುವಾದಾಗ ಹುಟ್ಟುನಾಡಾದ ಜರ್ಮನಿಯ ಪರ ಮಾತಾಡಿ ಅಮೆರಿಕನ್ನರ ಕೋಪಕ್ಕೆ ಗುರಿಯಾದರು. ಹಳೆಯ ಸ್ನೇಹಿತರು ದೂರವಾದರು. 1916ರ ಡಿಸೆಂಬರ್ 16ರಂದು ರಾಡ್‌ಕ್ಲಿಫ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಗಲೇ ಕುಸಿದು ಬಿದ್ದು ತೀರಿಕೊಂಡರು. ವಯಸ್ಸು 53.

ಅವರ ಶಿಷ್ಯ ವಿಲಿಯಂ ಮಾರ್ಸ್ಟನ್ ರಕ್ತದೊತ್ತಡ ನೋಡಿ ಸುಳ್ಳು ಪತ್ತೆ ಮಾಡುವ ವಿಧಾನ ಕಟ್ಟಿದರು. 1923ರ ಫ್ರೈ ಪ್ರಕರಣದಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿ, ಆಯಾ ಶಾಸ್ತ್ರದವರೆಲ್ಲ ಸಾಮಾನ್ಯವಾಗಿ ಒಪ್ಪಿದ ವಿಧಾನವಾಗಿದ್ದರೆ ಮಾತ್ರ ತಜ್ಞನ ಸಾಕ್ಷ್ಯ ಸಲ್ಲುತ್ತದೆ ಎಂಬ ಅಳತೆಗೋಲು ಕೊಟ್ಟಿತು. ಮತ್ತೊಬ್ಬ ಶಿಷ್ಯ ನರೇಂದ್ರನಾಥ ಸೇನ್‌ಗುಪ್ತ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದರು. ಅದರ ಬೆನ್ನಿಗೆ 1924ರಲ್ಲಿ ಮೈಸೂರಿನಲ್ಲಿ ವಿಭಾಗ ಆರಂಭಿಸಿದವರು, ಆಕಾಶವಾಣಿ ಹೆಸರಿನಿಂದ ನಮಗೆಲ್ಲ ಪರಿಚಿತರಾದ ಎಂ. ವಿ. ಗೋಪಾಲಸ್ವಾಮಿ.

ನಮ್ಮ ಕಾನೂನು ಈ ಪಾಠಗಳನ್ನು ತನ್ನ ದಾರಿಯಲ್ಲೇ ಕಂಡುಕೊಂಡಿದೆ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಪುರಾವೆಯಾಗಿ ಬಳಸುವಂತಿಲ್ಲ. 2010ರಲ್ಲಿ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ, ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆಗಳನ್ನು ಒಪ್ಪಿಗೆಯಿಲ್ಲದೆ ಯಾರ ಮೇಲೂ ಮಾಡಬಾರದೆಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ತಜ್ಞರ ಮಾತು ಅಭಿಪ್ರಾಯ ಮಾತ್ರ, ತೀರ್ಮಾನ ನ್ಯಾಯಾಧೀಶರದು.

ಗಡಿಯಾಚೆ ಬದುಕುವ ನಮಗೆ ಇನ್ನೊಂದು ತೊಡಕಿದೆ. ಕನ್ನಡದಲ್ಲಿ ಹೇಳಿದ್ದು ಮಲಯಾಳ, ತಮಿಳು, ಮರಾಠಿ, ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ದಾಖಲಾಗುವುದುಂಟು. ನೆನಪು ಒಮ್ಮೆ ಬದಲಿಸಿದ್ದನ್ನು ಅನುವಾದ ಮತ್ತೊಮ್ಮೆ ಬದಲಿಸಬಾರದು. ದಾಖಲಾದ ಭಾಷೆ ಸಾಕ್ಷಿಗೆ ತಿಳಿಯದಿದ್ದರೆ ಅವರಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕೆಂಬ ವಿಧಿ ಕ್ರಿಮಿನಲ್ ಪ್ರಕ್ರಿಯಾ ಕಾನೂನಿನಲ್ಲಿದೆ. ಹಿರಿಯರು ಸಂಕೋಚಪಡದೆ ಅದನ್ನು ಕೇಳಿ ಪಡೆಯಲಿ. ಕಂಡದ್ದನ್ನು ಕಂಡಷ್ಟೇ ಹೇಳಲಿ, ನೆನಪಿಲ್ಲದ್ದನ್ನು ನೆನಪಿಲ್ಲ ಎನ್ನಲಿ. ಮುನ್‌ಸ್ಟರ್‌ಬರ್ಗ್ ಅವರ ಬದುಕಿನಿಂದ ನಾವು ಕಲಿತದ್ದು ಇದನ್ನೇ. ಈ ಬರಹವನ್ನು ನಿಮ್ಮ ಊರಿನ ವಕೀಲ ಮಿತ್ರರಿಗೂ ತೋರಿಸಿ, ಅವರ ಅನುಭವಗಳನ್ನು ನಮಗೆ ಬರೆದು ತಿಳಿಸಿ.