ರಾಗಿ ಲಕ್ಷ್ಮಣಯ್ಯ: ಎರಡು ಖಂಡಗಳನ್ನು ಒಂದು ತೆನೆಗೆ ತಂದವರು

ಯಲಹಂಕ, ಹೆಬ್ಬಾಳ ಕಡೆ ಓದುತ್ತಿರುವ ನಮಗೆಲ್ಲ ಮೆಸ್ಸಿನ ಮುದ್ದೆ ಗೊತ್ತು. ಸಾರು ಚೆನ್ನಾಗಿದ್ದ ದಿನ ಎರಡು ಹಾಕಿಸಿಕೊಳ್ತೀವಿ, ಇಲ್ಲದ ದಿನ ಗೊಣಗ್ತೀವಿ. ಆದರೆ ಆ ಮುದ್ದೆಯ ರಾಗಿ ಯಾವ ತಳಿ, ಅದನ್ನು ಯಾರು ಕಟ್ಟಿದರು ಅಂತ ನಮ್ಮಲ್ಲಿ ಎಷ್ಟು ಜನ ಯೋಚನೆ ಮಾಡಿದ್ದೀವಿ? ಟ್ರಾನ್ಸಿಸ್ಟರ್ ಕಂಡುಹಿಡಿದವರ ಹೆಸರು ಕೇಳಿದರೆ ನಿದ್ದೆಯಲ್ಲೂ ಹೇಳುವ ನಾವು, ನಮ್ಮ ತಟ್ಟೆಯ ಅನ್ನದಾತನ ಹೆಸರು ಕೇಳಿದರೆ ಮುಖ ಮುಖ ನೋಡ್ತೀವಿ. ಈ ಸಲದ ಸಂಚಿಕೆಯಲ್ಲಿ ಆ ಹೆಸರನ್ನೇ ಪರಿಚಯಿಸೋಣ ಅಂತ ಹೊರಟಿದ್ದೇವೆ. ಅವರು ಸಿ.ಎಚ್. ಲಕ್ಷ್ಮಣಯ್ಯ. ಜನ ಪ್ರೀತಿಯಿಂದ ಕರೆದದ್ದು ರಾಗಿ ಲಕ್ಷ್ಮಣಯ್ಯ, ರಾಗಿ ಬ್ರಹ್ಮ ಅಂತ.

ಲಕ್ಷ್ಮಣಯ್ಯ ಹುಟ್ಟಿದ್ದು 1921ರಲ್ಲಿ, ಹಳೇ ಮೈಸೂರು ಸೀಮೆಯಲ್ಲಿ. ಆ ಸೀಮೆಯಲ್ಲಿ ರಾಗಿ ಅಂದರೆ ಬರೀ ಬೆಳೆಯಲ್ಲ, ಮನೆಯ ಭದ್ರತೆ. ಹುಳ ಹಿಡಿಯದೆ ವರ್ಷಗಟ್ಟಲೆ ಹಗೇವಿನಲ್ಲಿ ಉಳಿಯುವ ಕಾಳು ಅದು. ಒಂದು ವರ್ಷ ಮಳೆ ಕೈಕೊಟ್ಟರೂ ಹಗೇವಿನಲ್ಲಿ ರಾಗಿ ಇದ್ದರೆ ಮನೆ ನಡೀತಿತ್ತು. ಆದರೆ ಇಳುವರಿ ಕಮ್ಮಿ. ಎಕರೆಗೆ ನಾಲ್ಕೈದು ಮೂಟೆ ಬಂದರೆ ದೊಡ್ಡದು ಅನ್ನುವ ಕಾಲ. ಉಂಡೆ ರಾಗಿ, ಬಿಳಿ ರಾಗಿ, ಹುಲ್ಲುಬೆಳೆ, ರುದ್ರಜಡೆ ಅಂತ ಊರಿಗೊಂದು ತಳಿ ಇತ್ತು. ಒಂದೊಂದಕ್ಕೂ ಒಂದೊಂದು ಒಳ್ಳೆ ಗುಣ, ಜೊತೆಗೆ ಒಂದೊಂದು ಕೊರತೆ.

ಸುಧಾರಣೆಯ ಪ್ರಯತ್ನ ಮೊದಲೇ ಶುರುವಾಗಿತ್ತು, ಅದೂ ನಮ್ಮ ಹೆಬ್ಬಾಳದಲ್ಲೇ. ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಇಲ್ಲಿನ ಕೃಷಿ ಇಲಾಖೆಯನ್ನು ಕಟ್ಟಿದವರು. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ ಶುರುವಾಯಿತು. ಆ ಕಾಲದ ದಾರಿ ಅಂದರೆ ಆಯ್ಕೆ: ರೈತರ ಹೊಲದಲ್ಲಿ ಚೆನ್ನಾಗಿ ಕಾಣುವ ತೆನೆ ಆರಿಸು, ಅದರ ಬೀಜ ಬೇರೆಯಾಗಿ ಬಿತ್ತು, ಮತ್ತೆ ಆರಿಸು. ಎಚ್-22 ಥರದ ತಳಿಗಳು ಹೀಗೇ ಬಂದವು. ಆದರೆ ಆಯ್ಕೆಗೆ ಒಂದು ಮಿತಿ ಇದೆ. ಇರುವುದರಲ್ಲಿ ಒಳ್ಳೆಯದನ್ನು ಆರಿಸಬಹುದೇ ಹೊರತು ಇಲ್ಲದ್ದನ್ನು ತರೋಕಾಗಲ್ಲ. ಹೊಸದು ಬೇಕು ಅಂದರೆ ಎರಡು ತಳಿಗಳನ್ನು ಸಂಕರ ಮಾಡಲೇಬೇಕು.

ಅಲ್ಲೇ ಇದ್ದದ್ದು ತೊಡಕು. ಮೆಕ್ಕೆಜೋಳದ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಮೇಲಿನ ಗಂಡು ಗೊಂಚಲು ಕಿತ್ತುಹಾಕಿದರೆ ಅರ್ಧ ಕೆಲಸ ಮುಗೀತು. ರಾಗಿಯ ಹೂವು ಹಾಗಲ್ಲ. ಅದು ಕೆಲವೇ ಮಿಲಿಮೀಟರ್ ಉದ್ದ. ಗಂಡು ಹೆಣ್ಣು ಎರಡೂ ಅದರೊಳಗೇ. ನಡುರಾತ್ರಿ ಕಳೆದ ಮೇಲೆ, ಬೆಳಕು ಹರಿಯೋದ್ರೊಳಗೆ ಅರಳುತ್ತೆ. ಅರಳುವಷ್ಟರಲ್ಲಿ ತನ್ನ ಪರಾಗದಿಂದ ತಾನೇ ಕಾಳು ಕಟ್ಟುವ ಏರ್ಪಾಡು ಮುಗಿದಿರುತ್ತೆ. ಒಂದೇ ಇಲುಕಿನಲ್ಲಿ ಹೂಗಳು ತುದಿಯಿಂದ ಬುಡದ ಕಡೆಗೆ ಸುಮಾರು ಒಂದು ವಾರದವರೆಗೂ ಅರಳ್ತಾ ಹೋಗುತ್ತವೆ. ಹೀಗಾಗಿ ರಾಗಿಯಲ್ಲಿ ಸಂಕರ ಆಗದ ಮಾತು ಅಂತಲೇ ಬಹಳ ಜನ ಕೈಬಿಟ್ಟಿದ್ದರು.

ಇದಕ್ಕೊಂದು ಉಪಾಯವನ್ನು ಕೊಯಮತ್ತೂರಿನ ತಜ್ಞರು 1930ರ ದಶಕದಲ್ಲಿ ಕಂಡುಕೊಂಡಿದ್ದರು. ಎರಡು ಗಿಡಗಳ ತೆನೆಗಳನ್ನು ಅರಳುವ ಮುಂಚೆ ಒಟ್ಟಿಗೆ ಕಟ್ಟಿ ಮೇಲೆ ಚೀಲ ತೊಡಿಸೋದು. ತಾಯಿ ಗಿಡ ಪೂರಾ ಹಸಿರು, ತಂದೆ ಗಿಡದ ಗೆಣ್ಣಿನಲ್ಲಿ ನೇರಳೆ ಬಣ್ಣ ಇರುವಂತೆ ಆರಿಸಬೇಕು. ನೇರಳೆ ಬಣ್ಣ ಪ್ರಬಲ ಗುಣ. ತಾಯಿ ತೆನೆಯ ಬೀಜ ಬಿತ್ತಿದಾಗ ಸಾವಿರಾರು ಹಸಿರು ಸಸಿಗಳ ನಡುವೆ ಅಲ್ಲೊಂದು ಇಲ್ಲೊಂದು ನೇರಳೆ ಸಸಿ ಕಂಡರೆ ಅದೇ ನಿಜವಾದ ಸಂಕರ. ಮಿಕ್ಕಿದ್ದೆಲ್ಲ ಬರೀ ತಾಯಿಯ ನಕಲು. ನೂರು ಸಸಿಗೆ ಒಂದೆರಡು ಸಿಕ್ಕರೆ ಪುಣ್ಯ. ಸಲಕರಣೆ ಅಂದರೆ ಚೀಲ, ದಾರ, ಕಣ್ಣು, ಮತ್ತೆ ತಾಳ್ಮೆ.

ಲಕ್ಷ್ಮಣಯ್ಯ 1949ರಲ್ಲಿ ಕೃಷಿ ಇಲಾಖೆಗೆ ಸೇರಿದ್ದು ಕ್ಷೇತ್ರ ಸಹಾಯಕರಾಗಿ. ಅಂದ್ರೆ ಏಣಿಯ ತೀರಾ ಕೆಳಗಿನ ಮೆಟ್ಟಿಲು. ಕೆಲಸದ ಜಾಗ ಮಂಡ್ಯದ ವಿ.ಸಿ. ಫಾರಂ. ಕನ್ನಂಬಾಡಿ ಕಟ್ಟೆಯಿಂದ ನಾಲೆ ಬಂದಾಗ ನೀರಾವರಿ ಬೇಸಾಯದ ಪ್ರಯೋಗಕ್ಕೆ ಅಂತ ಕೋಲ್ಮನ್ ಕಾಲದಲ್ಲೇ ಶುರುವಾದ ತೋಟ ಅದು. ಸುತ್ತ ಕಬ್ಬು, ಭತ್ತದ ಸಂಭ್ರಮ. ಅದರ ನಡುವೆ ಈ ಮನುಷ್ಯ ಹಿಡಿದದ್ದು ರಾಗಿಯನ್ನು. ಆ ಹೊತ್ತಿಗೆ ರಾಗಿ ಬಡವರ ಬೆಳೆ. ಅದರ ಮೇಲೆ ಸಂಶೋಧನೆ ಮಾಡಿ ಹೆಸರು ಗಳಿಸುತ್ತೀನಿ ಅಂತ ಯಾರೂ ಹೊರಡುತ್ತಿರಲಿಲ್ಲ.

1950ರ ದಶಕದ ಆರಂಭದಿಂದ ಒಂದೊಂದಾಗಿ ತಳಿಗಳು ಬಂದವು. ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ. ಹೆಸರುಗಳನ್ನೇ ನೋಡಿ. ಒಂದು ಸೂರ್ಯೋದಯದ್ದು, ಇನ್ನೊಂದು ಊಟದ್ದು, ಮತ್ತೊಂದು ಊರಿನ ಹೊಳೆಯದ್ದು. ಇವೆಲ್ಲ ಭಾರತದ ತಳಿಗಳ ನಡುವಿನ ಕೆಲಸ. ಇಳುವರಿ ಏರಿತು. ಆದರೆ ಒಂದು ಹಂತಕ್ಕೆ ಬಂದು ನಿಂತಿತು.

ಇಲ್ಲಿಂದಲೇ ಕಥೆಯ ಸ್ವಾರಸ್ಯ ಶುರು. ರಾಗಿ ನಮ್ಮದೇ ಅಂತ ನಾವು ಅಂದ್ಕೊಂಡಿದ್ದರೂ ಅದರ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು, ಇಥಿಯೋಪಿಯಾ ಮತ್ತು ಉಗಾಂಡಾ ಕಡೆ. ಸುಮಾರು 3,000 ವರ್ಷಗಳ ಹಿಂದೆ ಅದು ಭಾರತಕ್ಕೆ ಬಂತು ಅಂತ ಅಂದಾಜು. ಬಂದ ಮೇಲೆ ಇಲ್ಲಿನ ಮಳೆ, ಮಣ್ಣು, ಇಲ್ಲಿನ ರೈತರ ಆಯ್ಕೆಗೆ ತಕ್ಕಂತೆ ಬೇರೆಯೇ ಆಯಿತು. ನಮ್ಮ ರಾಗಿ ಬೇಗ ಬಲಿಯುತ್ತೆ, ತೆಂಡೆ ಜಾಸ್ತಿ ಒಡೆಯುತ್ತೆ. ಆಫ್ರಿಕಾದ್ದು ನಿಧಾನ, ಆದರೆ ದಂಟು ದಪ್ಪ, ತೆನೆ ದೊಡ್ಡದು, ಕಾಳು ದಪ್ಪ, ಬೆಂಕಿ ರೋಗವನ್ನು ತಡೆಯುವ ಶಕ್ತಿಯೂ ಹೆಚ್ಚು. ಒಂದೇ ತಾಯಿಯ ಇಬ್ಬರು ಮಕ್ಕಳು ಮೂರು ಸಾವಿರ ವರ್ಷ ಬೇರೆ ಬೇರೆ ಊರಲ್ಲಿ ಬೆಳೆದ ಹಾಗೆ. 1960ರ ದಶಕದಲ್ಲಿ ಲಕ್ಷ್ಮಣಯ್ಯ ಈ ಇಬ್ಬರನ್ನೂ ಮತ್ತೆ ಒಟ್ಟು ಮಾಡೋಕೆ ಹೊರಟರು.

ಹೀಗೆ ದೂರವಾದವರನ್ನು ಸೇರಿಸಿದರೆ ಏನಾಗುತ್ತೆ ಅನ್ನೋದು ಜೀವಶಾಸ್ತ್ರದ ದೊಡ್ಡ ಪ್ರಶ್ನೆ. ಇವತ್ತು ವಿಜ್ಞಾನಿಗಳು ಇದನ್ನು ಮಿಶ್ರತಳಿ ಇಲಿಗಳಲ್ಲೂ ಕೇಳುತ್ತಾರೆ. ಯುರೋಪಿನ ಮನೆ ಇಲಿ ಮತ್ತು ನಮ್ಮ ಕಡೆಯ ಮನೆ ಇಲಿ ಒಂದೇ ಪ್ರಭೇದದ ಎರಡು ಕವಲು; ಬೇರೆಯಾಗಿ ಲಕ್ಷಾಂತರ ವರ್ಷ ಆಗಿದೆ. ಅವುಗಳ ಮರಿಯ ಪ್ರತಿ ಜೀವಕೋಶದಲ್ಲೂ ತಾಯಿಯಿಂದ ಬಂದ ಜೀನ್ ಒಂದು, ತಂದೆಯಿಂದ ಬಂದದ್ದು ಒಂದು. ಒಂದೇ ಸರ್ವರಿನಲ್ಲಿ ಎರಡು ವರ್ಷನ್ ಕೋಡ್ ಓಡಿದ ಹಾಗೆ ಅಂತಿಟ್ಟುಕೊಳ್ಳಿ. ಸರ್ವರ್ ಒಂದೇ ಆದರೂ ಒಂದು ಪ್ರತಿ ಜಾಸ್ತಿ ಕೆಲಸ ಮಾಡಿ ಇನ್ನೊಂದು ಕಮ್ಮಿ ಮಾಡಿದರೆ, ವ್ಯತ್ಯಾಸ ಇರುವುದು ಆ ಜೀನಿಗೆ ಅಂಟಿಕೊಂಡ ಸ್ವಿಚ್ಚಿನಲ್ಲೇ. ತಂದೆ ತಾಯಿಗಳ ನಡುವೆ ಇದ್ದ ವ್ಯತ್ಯಾಸ ಮರಿಯಲ್ಲಿ ಮಾಯವಾದರೆ, ಅದು ಇದ್ದದ್ದು ಸರ್ವರಿನಲ್ಲಿ, ಅಂದರೆ ಸ್ವಿಚ್ಚನ್ನು ಒತ್ತುವ ಪ್ರೋಟೀನುಗಳಲ್ಲಿ. ಎರಡು ಕವಲು ತುಂಬಾ ದೂರವಾಗಿದ್ದರೆ ಸ್ವಿಚ್ಚಿಗೂ ಅದನ್ನು ಒತ್ತುವ ಕೈಗೂ ಹೊಂದಾಣಿಕೆ ತಪ್ಪಬಹುದು. ಇಲಿಯ ಕೆಲವು ಕವಲುಗಳ ನಡುವೆ ಗಂಡು ಮರಿಗಳು ಬಂಜೆಯಾಗಿ ಹುಟ್ಟುವುದೂ ಉಂಟು.

ರಾಗಿಯ ಅದೃಷ್ಟ, ಮೂರು ಸಾವಿರ ವರ್ಷ ಅಂದರೆ ಅಷ್ಟು ದೂರ ಅಲ್ಲ. ಗುಣ ಬದಲಾಗೋಕೆ ಸಾಕು, ಸಂತಾನ ನಿಲ್ಲೋಕೆ ಸಾಲದು. ಭಾರತ ಮತ್ತು ಆಫ್ರಿಕಾದ ಸಂಕರ ಕಾಳು ಕಟ್ಟಿತು. ಇದನ್ನೆಲ್ಲ ಅಳೆಯುವ ಯಂತ್ರ ಆಗ ಇರಲಿಲ್ಲ. ಗೊತ್ತಾಗಬೇಕಾದರೆ ಬಿತ್ತಿ ನೋಡಬೇಕು, ಅಷ್ಟೇ.

ಕೆಲಸದ ಪ್ರಮಾಣ ನಮಗೆ ಅರ್ಥವಾಗುವ ಲೆಕ್ಕದಲ್ಲಿ ಹೇಳೋಣ. ಎರಡು ತಳಿಗಳ ನಡುವೆ ಬರೀ 20 ಜೀನುಗಳಲ್ಲಿ ವ್ಯತ್ಯಾಸ ಇದೆ ಅಂದುಕೊಳ್ಳಿ. ಅವುಗಳಿಂದ ಹೊರಡಬಹುದಾದ ಶುದ್ಧ ತಳಿಗಳ ಸಂಖ್ಯೆ ಎರಡರ 20ನೇ ಘಾತ, ಅಂದರೆ 10 ಲಕ್ಷ 48 ಸಾವಿರಕ್ಕೂ ಮೇಲೆ. ನಿಜವಾದ ವ್ಯತ್ಯಾಸ 20ಕ್ಕಿಂತ ಎಷ್ಟೋ ಹೆಚ್ಚು. ಎಲ್ಲವನ್ನೂ ಬಿತ್ತಿ ನೋಡುವಷ್ಟು ಭೂಮಿ ಯಾರ ಹತ್ತಿರವೂ ಇಲ್ಲ. ಎರಡನೇ ಪೀಳಿಗೆಯಲ್ಲಿ ಗುಣಗಳೆಲ್ಲ ಚೆಲ್ಲಾಪಿಲ್ಲಿ. ಒಂದು ಗಿಡ ಕುಳ್ಳು, ಇನ್ನೊಂದು ಉದ್ದ, ಮತ್ತೊಂದರ ತೆನೆ ಗುಂಡು. ಅದರಲ್ಲಿ ಆರಿಸಿ, ಮತ್ತೆ ಬಿತ್ತಿ, ಗುಣ ನಿಲ್ಲುವಷ್ಟರಲ್ಲಿ ಆರೇಳು ಪೀಳಿಗೆ ದಾಟಬೇಕು. ಯಾವ ಗಿಡವನ್ನು ಉಳಿಸಿಕೊಳ್ಳಬೇಕು ಅಂತ ಹೇಳುವ ಅಲ್ಗಾರಿದಮ್ ತಳಿಗಾರನ ಕಣ್ಣು ಮಾತ್ರ. ಸಾಲು ಸಾಲು ಓಡಾಡಿ, ಮುಟ್ಟಿ, ಬರೆದಿಟ್ಟು ಬಂದ ಕಣ್ಣು.

ಹೀಗೆ ಹುಟ್ಟಿದ್ದು ಇಂಡಾಫ್ ಸರಣಿ. ಇಂಡಿಯಾದ ‘ಇಂಡ್’, ಆಫ್ರಿಕಾದ ‘ಆಫ್’. ಅವರದೇ ಕಾವೇರಿ ತಳಿಗೆ ಆಫ್ರಿಕಾ ಮೂಲದ ಐಇ 929 ಸೇರಿ ಇಂಡಾಫ್-5 ಆಯಿತು. ನಮ್ಮ ಹಳ್ಳಿಗಳ ಹುಲ್ಲುಬೆಳೆಗೆ ಅದೇ ಐಇ 929 ಸೇರಿ ಇಂಡಾಫ್-8. ಇಂಡಾಫ್-1ರಿಂದ 15ರವರೆಗೆ ಸರಣಿ ಬೆಳೆಯಿತು. ಮುಂಗಾರಿಗೆ ಒಂದು, ತಡವಾಗಿ ಬಿತ್ತುವವರಿಗೆ ಒಂದು, ಬೇಸಿಗೆಯಲ್ಲಿ ನೀರಿದ್ದವರಿಗೆ ಬೇಗ ಕೊಯ್ಲಿಗೆ ಬರುವ ಇನ್ನೊಂದು. ಒಂದೇ ತಳಿಯನ್ನು ಎಲ್ಲರ ತಲೆಗೆ ಕಟ್ಟಲಿಲ್ಲ ಅನ್ನೋದನ್ನು ಇಲ್ಲಿ ಗಮನಿಸಬೇಕು.

ಇನ್ನೊಂದು ಮಾತು. ಸಂಕರ ಅಂದ ತಕ್ಷಣ ಪ್ರತಿ ವರ್ಷ ಅಂಗಡಿಯಲ್ಲಿ ಕೊಳ್ಳಬೇಕಾದ ಹೈಬ್ರಿಡ್ ಬೀಜ ಅಂತ ತಿಳೀಬೇಡಿ. ಇಂಡಾಫ್ ಹಾಗಲ್ಲ. ರಾಗಿ ತನ್ನ ಪರಾಗದಿಂದಲೇ ಕಾಳು ಕಟ್ಟುತ್ತೆ ಅಂದೆವಲ್ಲ, ಸಂಕರಕ್ಕೆ ತೊಡಕಾದ ಅದೇ ಗುಣ ರೈತನಿಗೆ ವರವಾಯಿತು. ಗುಣ ನಿಂತ ಮೇಲೆ ಬೀಜ ಮನೆಯದೇ. ಒಬ್ಬ ರೈತ ಬೆಳೆದರೆ ಮುಂದಿನ ವರ್ಷ ಪಕ್ಕದ ಹೊಲದವನು ಒಂದು ಸೇರು ಕೇಳಿ ತಗೊಂಡು ಹೋಗ್ತಿದ್ದ. ಇಂಡಾಫ್ ಊರಿಂದ ಊರಿಗೆ ಹಬ್ಬಿದ್ದರಲ್ಲಿ ಇಂಥ ಕೈಬದಲಿಗೆ ದೊಡ್ಡ ಪಾಲಿದೆ.

ಇದೆಲ್ಲ ನಡೆದ ಕಾಲವನ್ನೂ ನೆನೆಯಬೇಕು. 1965-66ರಲ್ಲಿ ದೇಶಕ್ಕೆ ಬರ ಬಡಿದಿತ್ತು. ಅಮೆರಿಕದಿಂದ ಹಡಗಿನಲ್ಲಿ ಗೋಧಿ ಬಂದರೆ ಊಟ ಅನ್ನುವ ಸ್ಥಿತಿ. ಗೋಧಿ, ಭತ್ತದ ಹಸಿರು ಕ್ರಾಂತಿಗೆ ನೀರು, ಗೊಬ್ಬರ, ದುಡ್ಡು, ಪ್ರಚಾರ ಎಲ್ಲ ಸಿಕ್ಕಿತು. ಮಳೆ ನಂಬಿದ ಕೆಂಪು ಮಣ್ಣಿನ ರೈತನಿಗೆ ಅಂಥದ್ದೇನೂ ಇರಲಿಲ್ಲ. ಅವನಿಗೆ ಸಿಕ್ಕಿದ್ದು ಮಂಡ್ಯದ ಒಂದು ತೋಟದಿಂದ ಬಂದ ಈ ಬೀಜ. ಮುಂದಿನ ದಶಕಗಳಲ್ಲಿ ರಾಗಿ ಬಿತ್ತುವ ಪ್ರದೇಶ ಕುಗ್ಗುತ್ತಾ ಬಂದರೂ ಒಟ್ಟು ಉತ್ಪಾದನೆ ಅದೇ ಪ್ರಮಾಣದಲ್ಲಿ ಕುಸಿಯದಂತೆ ಹಿಡಿದದ್ದು ಎಕರೆವಾರು ಇಳುವರಿಯ ಏರಿಕೆ.

ಎಲ್ಲವೂ ಸಿಹಿಯೇ ಅಂತ ಬರೆದರೆ ಅದು ಜೀವನಚರಿತ್ರೆ ಆಗಲ್ಲ, ಅಭಿನಂದನಾ ಪತ್ರ ಆಗುತ್ತೆ. ಇಂಡಾಫ್ ಹಬ್ಬಿದ ಕಡೆ ಉಂಡೆ ರಾಗಿ, ರುದ್ರಜಡೆಯಂಥ ಹಳೇ ತಳಿಗಳು ಹೊಲದಿಂದ ಹಿಂದೆ ಸರಿದವು. ಆಫ್ರಿಕಾದ ರಕ್ತ ಬೆರೆತರೂ ಇಂಡಾಫ್-5ರಂಥ ಜನಪ್ರಿಯ ತಳಿ ಬೆಂಕಿ ರೋಗಕ್ಕೆ ಸೋಲುತ್ತಿತ್ತು. ದೊಡ್ಡ ಪ್ರದೇಶದಲ್ಲಿ ಒಂದೇ ತಳಿ ಇದ್ದರೆ ರೋಗಕ್ಕೂ ಹಬ್ಬ ತಾನೇ. ಹೊಸ ತಳಿ ಕಟ್ಟೋಕೆ ಹಳೇ ತಳಿಗಳೇ ಕಚ್ಚಾ ಮಾಲು. ಅವು ಕಳೆದುಹೋದರೆ ಮುಂದಿನ ತಳಿಗಾರನ ಕೈ ಖಾಲಿ.

1964ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹುಟ್ಟಿತು, ವಿ.ಸಿ. ಫಾರಂ ಕೂಡ ಅದರ ತೆಕ್ಕೆಗೆ ಬಂತು. ಸಂಸ್ಥೆಯ ಹೆಸರು ಬದಲಾಯಿತು, ಲಕ್ಷ್ಮಣಯ್ಯನವರ ಹೊಲ ಬದಲಾಗಲಿಲ್ಲ. ನಿವೃತ್ತಿಯಾದ ಮೇಲೂ ಅವರು ರಾಗಿಯ ಕೆಲಸ ಬಿಡಲಿಲ್ಲ. ಅವರ ತಳಿಗಳ ಹೆಸರು ಹಳ್ಳಿ ಹಳ್ಳಿಗೂ ಗೊತ್ತಿತ್ತು, ಅವರ ಹೆಸರು ಅಷ್ಟು ಜನಕ್ಕೆ ಗೊತ್ತಿರಲಿಲ್ಲ. 1993ರಲ್ಲಿ ಅವರು ತೀರಿಕೊಂಡರು.

ಅವರು ಹೋದ ಮೇಲಿನ ಕಥೆಗೆ ನಾವು ಮಂಡ್ಯಕ್ಕೆ ಹೋಗಬೇಕಿಲ್ಲ. ಬಳ್ಳಾರಿ ರಸ್ತೆಯಲ್ಲಿ ಬಿಎಂಟಿಸಿ ಬಸ್ಸಿನ ಕಿಟಕಿಯಿಂದ ಕಾಣುವ ಜಿಕೆವಿಕೆಯಲ್ಲೇ ಅದು ಮುಂದುವರಿದಿದೆ. ಇಡೀ ದೇಶದ ಕಿರುಧಾನ್ಯಗಳ ಸಂಶೋಧನೆಯನ್ನು ಸಂಯೋಜಿಸುತ್ತಿದ್ದ ಘಟಕ ಇದ್ದದ್ದು ಅಲ್ಲೇ. ಬೆಂಕಿ ರೋಗ ತಡೆಯುವ ಜಿಪಿಯು-28 ಅಲ್ಲಿಂದ ಬಂದು ಕರ್ನಾಟಕದ ಹೊಲಗಳನ್ನು ತುಂಬಿತು. ಅದರ ವಂಶಾವಳಿ ತೆಗೆದು ನೋಡಿದರೆ ಇಂಡಾಫ್-5 ಇದೆ, ಇಂಡಾಫ್-9 ಇದೆ. 2017ರಲ್ಲಿ ಅದೇ ವಿಶ್ವವಿದ್ಯಾಲಯದ ತಂಡ ರಾಗಿಯ ಜೀನೋಮಿನ ಕರಡು ನಕ್ಷೆ ಪ್ರಕಟಿಸಿತು. ಅದಕ್ಕೆ ಆರಿಸಿಕೊಂಡ ತಳಿ ಎಂಎಲ್-365. ಅದರ ಪೋಷಕರಲ್ಲೂ ಒಂದು ಇಂಡಾಫ್-5. ಅಂದರೆ ಚೀಲ, ದಾರ ಹಿಡಿದು ಲಕ್ಷ್ಮಣಯ್ಯ ಬೆಸೆದದ್ದನ್ನೇ ಮುಂದಿನವರು ಅಕ್ಷರ ಅಕ್ಷರ ಓದಿದರು.

ಜಿಕೆವಿಕೆಯಲ್ಲಿ ಪ್ರತಿ ವರ್ಷ ಕೃಷಿ ಮೇಳ ನಡೆಯುತ್ತೆ, ಸಾಮಾನ್ಯವಾಗಿ ನವೆಂಬರಿನಲ್ಲಿ. ಇಂಟರ್ನಲ್ಸ್ ಇಲ್ಲದ ದಿನ ನೋಡಿಕೊಂಡು ಒಂದು ಸುತ್ತು ಹೋಗಿ ಬನ್ನಿ. ರಾಗಿ ತಾಕುಗಳ ಹತ್ತಿರ ಬೆಳೆ ತೋರಿಸುವವರು ನಿಂತಿರ್ತಾರೆ. ತೆನೆ ಕೈಯಲ್ಲಿ ಹಿಡಿದು, ಇದರ ಅಪ್ಪ ಅಮ್ಮ ಯಾರು ಅಂತ ಒಮ್ಮೆ ಕೇಳಿ. ಎರಡು ಮೂರು ತಲೆಮಾರು ಹಿಂದೆ ಹೋದರೆ ಇಂಡಾಫ್ ಸಿಗುವ ಸಾಧ್ಯತೆ ಬಹಳ.