ಓಡುವ ಎಂಜಿನ್ನಿಗೆ ಎಣ್ಣೆ ಉಣಿಸಿದ ಎಲೈಜಾ ಮೆಕಾಯ್

ಮಕ್ಕಳೇ, ಕಿರುಗುಟ್ಟುವ ಬಾಗಿಲಿಗೆ ಎರಡು ಹನಿ ಎಣ್ಣೆ ಬಿಟ್ಟರೆ ಸದ್ದು ನಿಲ್ಲುತ್ತದೆ. ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಚ್ಚದೆ ರೈತರು ದೂರದ ಊರಿಗೆ ಹೊರಡುವುದಿಲ್ಲ. ಹೊಲಿಗೆ ಯಂತ್ರಕ್ಕೆ ಮಾತ್ರ ತೆಳುವಾದ ಎಣ್ಣೆಯನ್ನೇ ಹಾಕುತ್ತಾರೆ. ಇವೆರಡನ್ನೂ ಅದಲು ಬದಲು ಮಾಡಿದರೆ ಏನಾದೀತು? ಮಂದವಾದ ಕೀಲೆಣ್ಣೆ ಹಾಕಿದ ಹೊಲಿಗೆ ಯಂತ್ರವನ್ನು ತುಳಿಯುವುದೇ ಕಷ್ಟ. ಗಾಡಿಗೆ ಹಾಕಿದ ತೆಳು ಎಣ್ಣೆಯೋ, ಭಾರಕ್ಕೆ ಹಿಂಡಿಹೋಗಿ ದಾರಿಯಲ್ಲೇ ಸೋರಿಬಿಡುತ್ತದೆ.

ಎರಡು ಲೋಹಗಳು ಒಂದಕ್ಕೊಂದು ಉಜ್ಜಿದಾಗ ಘರ್ಷಣೆ ಉಂಟಾಗುತ್ತದೆ. ಲೋಹ ಬಿಸಿಯಾಗುತ್ತದೆ, ಸವೆಯುತ್ತದೆ. ಎಣ್ಣೆಯು ಅವುಗಳ ನಡುವೆ ತೆಳ್ಳನೆಯ ಪದರವಾಗಿ ನಿಂತು ಅವು ನೇರವಾಗಿ ತಾಗದಂತೆ ತಡೆಯುತ್ತದೆ. ಆ ಪದರ ಹರಿಯದಂತೆ ನೋಡಿಕೊಳ್ಳುವುದೇ ಯಂತ್ರಕ್ಕೆ ಎಣ್ಣೆ ಹಾಕುವವರ ಕೆಲಸ. ನಿಂತ ಗಾಡಿಗೆ ಎಣ್ಣೆ ಹಚ್ಚುವುದು ಸುಲಭ. ಓಡುತ್ತಿರುವ ರೈಲಿನ ಎಂಜಿನ್ನಿಗೆ ಹಚ್ಚುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ಜೀವನದ ಬಹುಭಾಗ ಕಳೆದವರು ಎಲೈಜಾ ಮೆಕಾಯ್.

ಎಲೈಜಾ ಹುಟ್ಟಿದ್ದು ಕೆನಡಾ ದೇಶದ ಆಂಟೇರಿಯೋ ಪ್ರಾಂತ್ಯದ ಕೋಲ್ಚೆಸ್ಟರ್‌ನಲ್ಲಿ, 1844ರ ಮೇ 2ರಂದು (1843 ಎನ್ನುವವರೂ ಇದ್ದಾರೆ). ಅವರ ತಂದೆ ಜಾರ್ಜ್, ತಾಯಿ ಮಿಲ್ಡ್ರೆಡ್. ಇಬ್ಬರೂ ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಗುಲಾಮರಾಗಿದ್ದವರು. ಆಗ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಆಫ್ರಿಕಾ ಮೂಲದ ಕಪ್ಪು ಜನರನ್ನು ದನಕರುಗಳಂತೆ ಕೊಂಡು ಮಾರುತ್ತಿದ್ದರು. ತಪ್ಪಿಸಿಕೊಂಡು ಓಡಿದವರನ್ನು ಹಿಡಿದು ತಂದು ಶಿಕ್ಷಿಸುತ್ತಿದ್ದರು. ಬ್ರಿಟಿಷರ ಆಳ್ವಿಕೆಯಲ್ಲಿದ್ದ ಕೆನಡಾದಲ್ಲಿ ಗುಲಾಮಗಿರಿ ಆಗಲೇ ರದ್ದಾಗಿತ್ತು. ಅಲ್ಲಿಗೆ ತಲುಪಿದವರು ಸ್ವತಂತ್ರರು.

ಹೀಗೆ ತಪ್ಪಿಸಿಕೊಂಡು ಬರುವವರನ್ನು ದಯಾಳುಗಳು ರಾತ್ರಿ ಹೊತ್ತು ಒಂದು ಮನೆಯಿಂದ ಇನ್ನೊಂದು ಮನೆಗೆ ಗುಟ್ಟಾಗಿ ದಾಟಿಸುತ್ತಿದ್ದರು. ಈ ಗುಟ್ಟಿನ ಹಾದಿಗೆ ನೆಲದಡಿಯ ರೈಲುದಾರಿ ಎಂದು ಹೆಸರಾಗಿತ್ತು. ಅದು ನೆಲದಡಿಯೂ ಇರಲಿಲ್ಲ, ಅಲ್ಲಿ ರೈಲೂ ಇರಲಿಲ್ಲ! ಜಾರ್ಜ್ ಮತ್ತು ಮಿಲ್ಡ್ರೆಡ್ ಆ ಹಾದಿಯಲ್ಲಿ ಬಂದು ಕೆನಡಾ ಸೇರಿದವರು.

ಬಾಲಕ ಎಲೈಜಾಗೆ ಯಂತ್ರಗಳೆಂದರೆ ಬಲು ಆಸೆ. ಅದನ್ನು ಕಂಡ ತಂದೆತಾಯಿ, ಮಗನಿಗೆ 15 ವರ್ಷವಾದಾಗ, ಸಮುದ್ರದಾಚೆಯ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರಕ್ಕೆ ಕಳಿಸಿದರು. ಅಮೆರಿಕದಲ್ಲಿ ಕಪ್ಪು ಹುಡುಗನಿಗೆ ಎಂಜಿನಿಯರ್ ವಿದ್ಯೆ ಸಿಗುವುದು ಬಹಳ ಕಷ್ಟವಾಗಿತ್ತು. ಮನೆಯಲ್ಲಿ ಮಕ್ಕಳು ಬಹಳ. ಹಾಗಿದ್ದೂ ಒಬ್ಬ ಮಗನನ್ನು ಅಷ್ಟು ದೂರ ಕಳಿಸಿದ ಆ ತಂದೆತಾಯಿಯ ಧೈರ್ಯ ದೊಡ್ಡದು. ಎಲೈಜಾ ಅಲ್ಲಿ ಯಂತ್ರವಿದ್ಯೆ ಕಲಿತು, ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲಾಂಟಿ ಎಂಬ ಊರಿಗೆ ಬಂದರು. ಅವರ ಮನೆಯವರು ಆಗ ಅಲ್ಲಿ ನೆಲೆಸಿದ್ದರು. 1865ರಲ್ಲಿ ಅಮೆರಿಕದಲ್ಲೂ ಗುಲಾಮಗಿರಿ ರದ್ದಾಯಿತು.

ಕಾನೂನು ಬದಲಾದರೂ ಜನರ ಮನಸ್ಸು ಅಷ್ಟು ಬೇಗ ಬದಲಾಗಲಿಲ್ಲ. ಕಪ್ಪು ಬಣ್ಣದವರನ್ನು ಎಂಜಿನಿಯರ್ ಆಗಿ ಯಾರೂ ಸೇರಿಸಿಕೊಳ್ಳಲಿಲ್ಲ. ಮಿಷಿಗನ್ ಸೆಂಟ್ರಲ್ ರೈಲ್ವೆಯಲ್ಲಿ ಎಲೈಜಾರಿಗೆ ಸಿಕ್ಕಿದ್ದು ಎರಡೇ ಕೆಲಸ. ಓಡುವಾಗ ಎಂಜಿನ್ನಿನ ಒಲೆಗೆ ಉರುವಲು ಹಾಕುವುದು, ನಿಂತಾಗ ಎಣ್ಣೆ ಹಾಕುವುದು.

ಉಗಿ ಎಂಜಿನ್ನಿಗೆ ಎಣ್ಣೆ ಹಾಕುವುದು ಸಣ್ಣ ಕೆಲಸವೇನಲ್ಲ. ಚಕ್ರದ ಅಚ್ಚು, ಬೇರಿಂಗ್, ಹಿಂದೆ ಮುಂದೆ ಆಡುವ ಸರಳುಗಳು, ಸಿಲಿಂಡರ್ ಹೀಗೆ ಉಜ್ಜುವ ಜಾಗಗಳು ಹಲವು. ಇವುಗಳಲ್ಲಿ ಸಿಲಿಂಡರಿನ ಕಥೆಯೇ ಬೇರೆ. ಕೊಳವೆಯಂಥ ಸಿಲಿಂಡರಿನೊಳಗೆ ಪಿಸ್ಟನ್ ಆಡುತ್ತದೆ. ಅದನ್ನು ತಳ್ಳುವುದು ಬಿಸಿ ಉಗಿ. ಉಗಿಯ ಒತ್ತಡ ಒಳಗಿರುವಾಗ ಮೇಲಿನಿಂದ ಎಣ್ಣೆ ಸುರಿಯಲು ಹೋದರೆ ಅದು ಒಳಗಿಳಿಯುವುದಿಲ್ಲ, ಉಗಿಯೇ ಅದನ್ನು ಹೊರಕ್ಕೆ ಚಿಮ್ಮಿಸುತ್ತದೆ. ಆದ್ದರಿಂದ ಉಗಿಯನ್ನು ನಿಲ್ಲಿಸಿಯೇ ಎಣ್ಣೆ ಬಿಡಬೇಕಾಗಿತ್ತು. ರೈಲು ಆಗಾಗ ನಿಲ್ಲಬೇಕು. ನಿಂತಾಗ ಎಣ್ಣೆಯವನು ಕೆಳಗಿಳಿದು ಕ್ಯಾನು ಹಿಡಿದು ಸುತ್ತಬೇಕು. ನಿಲ್ಲಿಸದಿದ್ದರೆ ಒಳಗೆ ಎಣ್ಣೆ ಆರಿ ಲೋಹ ಸವೆಯುತ್ತದೆ. ಹೆಚ್ಚು ಸುರಿದರೆ ಎಣ್ಣೆ ದಂಡ.

ಎಲೈಜಾ ಇದನ್ನೆಲ್ಲ ದಿನವೂ ಕಂಡರು. ಓದಿದ ಎಂಜಿನಿಯರ್ ಒಬ್ಬರನ್ನು ಎಣ್ಣೆ ಕ್ಯಾನು ಹಿಡಿಸಿ ನಿಲ್ಲಿಸಿದ್ದು ಅನ್ಯಾಯವೇ ಸರಿ. ಆದರೆ ಎಲ್ಲಿ ಎಷ್ಟು ಎಣ್ಣೆ ಬೇಕು, ಅದು ಯಾವಾಗ ಮುಗಿಯುತ್ತದೆ ಎಂಬುದು ಅವರ ಕೈಗೆ ಚೆನ್ನಾಗಿ ತಿಳಿಯಿತು. ಯಂತ್ರ ತನಗೆ ಬೇಕಾದ ಎಣ್ಣೆಯನ್ನು ತಾನೇ ಕುಡಿಯುವಂತೆ ಏಕೆ ಮಾಡಬಾರದು ಎಂದು ಅವರು ಯೋಚಿಸಿದರು. ಮನೆಯಲ್ಲೇ ಸಣ್ಣ ಕಾರ್ಯಾಗಾರ ಮಾಡಿಕೊಂಡು ಬಿಡುವಿನಲ್ಲಿ ಪ್ರಯೋಗಕ್ಕಿಳಿದರು.

1872ರಲ್ಲಿ ಅವರಿಗೆ ಮೊದಲ ಪೇಟೆಂಟ್ ದೊರೆಯಿತು. (ಹೊಸದನ್ನು ಕಂಡುಹಿಡಿದವರಿಗೆ ಅದರ ಮೇಲೆ ಕೆಲವು ವರ್ಷ ಸರ್ಕಾರ ಕೊಡುವ ಹಕ್ಕಿಗೆ ಪೇಟೆಂಟ್ ಎನ್ನುತ್ತಾರೆ.) ಅವರ ಸಾಧನ ಒಂದು ಎಣ್ಣೆಯ ಬಟ್ಟಲು. ಅದನ್ನು ಸಿಲಿಂಡರಿನ ಮೇಲೆ ಕೂರಿಸಬೇಕು. ಬಟ್ಟಲಿನ ನಡುವೆ ಒಂದು ಸರಳು. ಸರಳಿನ ಕೆಳತುದಿಯಲ್ಲಿ ಪುಟ್ಟ ಪಿಸ್ಟನ್, ಮೇಲ್ತುದಿಯಲ್ಲಿ ಕವಾಟ. ಸಿಲಿಂಡರಿನ ಉಗಿ ಪುಟ್ಟ ಪಿಸ್ಟನನ್ನು ಮೇಲಕ್ಕೆ ತಳ್ಳಿದಾಗ ಸರಳು ಏರಿ ಕವಾಟ ತೆರೆಯುತ್ತದೆ. ಆಗ ಎಣ್ಣೆ ಕೆಳಗಿಳಿಯುತ್ತದೆ. ಎಣ್ಣೆಗೆ ಅಡ್ಡಿಯಾಗಿದ್ದ ಉಗಿಯ ಒತ್ತಡವೇ ಈಗ ಬಾಗಿಲು ತೆರೆಯುವ ಆಳಾಯಿತು!

ಇಂಥ ಪ್ರಯತ್ನ ಮಾಡಿದವರಲ್ಲಿ ಮೆಕಾಯ್ ಮೊದಲಿಗರೇ? ಅಲ್ಲ. ಇಂಗ್ಲೆಂಡಿನ ಜಾನ್ ರಾಮ್ಸ್‌ಬಾಟಮ್ 1860ರಲ್ಲೇ ಇನ್ನೊಂದು ಉಪಾಯ ಮಾಡಿದ್ದರು. ಎಣ್ಣೆಯ ಪಾತ್ರೆಗೆ ಸ್ವಲ್ಪ ಉಗಿ ಬಿಟ್ಟರೆ ಅದು ತಣ್ಣಗಾಗಿ ನೀರಾಗುತ್ತದೆ. ನೀರು ತಳಕ್ಕೆ ಇಳಿದು ಎಣ್ಣೆಯನ್ನು ಮೇಲಕ್ಕೆತ್ತಿ ಹೊರಕ್ಕೆ ಹರಿಸುತ್ತದೆ. ಒಂದು ಲೋಟದಲ್ಲಿ ಅರ್ಧದಷ್ಟು ಎಣ್ಣೆ ಹಾಕಿ, ಮೆಲ್ಲನೆ ನೀರು ಸುರಿದು ನೋಡಿ, ನಿಮಗೇ ತಿಳಿಯುತ್ತದೆ. ಮೆಕಾಯ್ ಅವರ ಹಿರಿಮೆ ಇರುವುದು ಬೇರೆ ಕಡೆ. ಅವರು ಒಂದು ಸಾಧನ ಮಾಡಿ ಸುಮ್ಮನಾಗಲಿಲ್ಲ. ಎಂಜಿನ್ನುಗಳು ದೊಡ್ಡದಾದಂತೆಲ್ಲ ಅವಕ್ಕೆ ತಕ್ಕ ಹೊಸ ಸಾಧನ ಮಾಡುತ್ತ ಹೋದರು. ಒಟ್ಟು 57 ಪೇಟೆಂಟ್ ಪಡೆದರು. ಹೆಚ್ಚಿನವು ಎಣ್ಣೆ ಉಣಿಸುವ ಸಾಧನಗಳೇ. ನಡುವೆ 1874ರಲ್ಲಿ ಇಸ್ತ್ರಿ ಮಾಡುವ ಮೇಜಿಗೂ ಒಂದು ಪೇಟೆಂಟ್ ಪಡೆದಿದ್ದರು!

ಎಣ್ಣೆಯ ಆಯ್ಕೆಯೂ ಆಗ ದೊಡ್ಡ ತಲೆನೋವಾಗಿತ್ತು. ಮೊದಮೊದಲು ಸಿಲಿಂಡರಿಗೆ ಪ್ರಾಣಿಗಳ ಕೊಬ್ಬನ್ನು ಕರಗಿಸಿ ಹಾಕುತ್ತಿದ್ದರು. ಉಗಿಯ ಬಿಸಿಗೆ ಕೊಬ್ಬು ಒಡೆದು ಆಮ್ಲವಾಗುತ್ತದೆ, ಆಮ್ಲ ಕಬ್ಬಿಣವನ್ನು ತಿನ್ನುತ್ತದೆ. ಅಮೆರಿಕದಲ್ಲಿ 1859ರಲ್ಲಿ ಪೆಟ್ರೋಲಿಯಂ ಬಾವಿ ಕೊರೆದ ಮೇಲೆ ನೆಲದ ಎಣ್ಣೆಯಿಂದ ಮಾಡಿದ ಮಂದವಾದ ಸಿಲಿಂಡರ್ ಎಣ್ಣೆಗಳು ಬಂದವು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೊಸ ಬಗೆಯ ಎಂಜಿನ್ನುಗಳು ಹರಡಿದವು. ಇವುಗಳಲ್ಲಿ ಉಗಿಯನ್ನು ಮತ್ತೊಮ್ಮೆ ಕಾಯಿಸುತ್ತಿದ್ದರು. ಅಷ್ಟು ಬಿಸಿಗೆ ಎಣ್ಣೆಯೇ ಸುಟ್ಟು ಕರಿಯಾಗುತ್ತಿತ್ತು. ಬಿಸಿಗೆ ಅಂಜದ ವಸ್ತು ಒಂದಿದೆ. ಅದು ನಿಮ್ಮ ಕೈಯಲ್ಲೇ ಇದೆ! ಪೆನ್ಸಿಲಿನ ಕಡ್ಡಿಯಲ್ಲಿರುವ ಗ್ರಾಫೈಟ್. ಅದರ ಪುಡಿಯನ್ನು ಬೆರಳಿನಲ್ಲಿ ಉಜ್ಜಿ ನೋಡಿ, ಜಾರುತ್ತದೆ. ಅದರ ಕಣಗಳು ಇಸ್ಪೀಟು ಎಲೆಗಳಂತೆ ಪದರ ಪದರವಾಗಿದ್ದು ಒಂದರ ಮೇಲೊಂದು ಸರಿಯುತ್ತವೆ. ಎಣ್ಣೆಗೆ ಈ ಪುಡಿ ಬೆರೆಸಬಹುದು, ಆದರೆ ಅದು ಸಣ್ಣ ಕೊಳವೆಗಳಲ್ಲಿ ಕಟ್ಟಿಕೊಂಡುಬಿಡುತ್ತದೆ. ಹಾಗೆ ಕಟ್ಟಿಕೊಳ್ಳದಂತೆ ಎಣ್ಣೆ ಮತ್ತು ಗ್ರಾಫೈಟನ್ನು ಒಟ್ಟಿಗೆ ಹರಿಸುವ ಸಾಧನಕ್ಕೆ ಮೆಕಾಯ್ 1915ರಲ್ಲಿ ಪೇಟೆಂಟ್ ಪಡೆದರು. ಆಗ ಅವರ ವಯಸ್ಸು ಸುಮಾರು 70.

ಇಷ್ಟೆಲ್ಲ ಮಾಡಿದರೂ ಅವರು ಸಿರಿವಂತರಾಗಲಿಲ್ಲ. ಕಾರ್ಖಾನೆ ಕಟ್ಟಲು ಹಣವಿರಲಿಲ್ಲ. ಮುಂದಿನ ಪ್ರಯೋಗಕ್ಕೆ ಹಣ ಬೇಕೆಂದು ಹಲವು ಪೇಟೆಂಟುಗಳ ಹಕ್ಕನ್ನು ಬೇರೆಯವರಿಗೆ ಮಾರಿಬಿಟ್ಟರು. ಲಾಭ ಕೊಂಡವರ ಪಾಲಾಯಿತು. ಸಾಧನಗಳ ಮೇಲೆ ಅವರ ಹೆಸರೂ ಇರುತ್ತಿರಲಿಲ್ಲ. ಅವರ ಹೆಸರಿನಲ್ಲಿ ಡೆಟ್ರಾಯಿಟ್ ನಗರದಲ್ಲಿ ಒಂದು ಕಂಪನಿ ಆರಂಭವಾದದ್ದು 1920ರಲ್ಲಿ, ಅವರ ಮುಪ್ಪಿನಲ್ಲಿ.

ಅಪ್ಪಟವಾದುದನ್ನು ರಿಯಲ್ ಮೆಕಾಯ್ ಎಂದು ಕರೆಯುವ ರೂಢಿ ಇಂಗ್ಲಿಷಿನಲ್ಲಿದೆ. ಕೊಳ್ಳುವವರು ನಕಲಿ ಬೇಡ, ಮೆಕಾಯ್ ಅವರದೇ ಕೊಡಿ ಎಂದು ಕೇಳುತ್ತಿದ್ದುದರಿಂದ ಈ ಮಾತು ಹುಟ್ಟಿತು ಎಂದು ಅನೇಕ ಪುಸ್ತಕಗಳಲ್ಲಿದೆ. ಕೇಳಲು ಚೆಂದದ ಕಥೆ. ಆದರೆ ಇಂಥದೇ ಮಾತು, ರಿಯಲ್ ಮ್ಯಾಕೇ ಎಂದು, 1856ರಲ್ಲೇ ಸ್ಕಾಟ್ಲೆಂಡಿನಲ್ಲಿ ಅಚ್ಚಾಗಿತ್ತು. ಆಗ ಎಲೈಜಾ ಸುಮಾರು 12 ವರ್ಷದ ಹುಡುಗ!

1922ರಲ್ಲಿ ಮೆಕಾಯ್ ಮತ್ತು ಅವರ ಪತ್ನಿ ಮೇರಿ ಕಾರು ಅಪಘಾತಕ್ಕೆ ಸಿಲುಕಿದರು. ಮೇರಿ ಚೇತರಿಸಿಕೊಳ್ಳದೆ ಮರುವರ್ಷ ತೀರಿಕೊಂಡರು. ಎಲೈಜಾರ ಆರೋಗ್ಯವೂ ಕುಸಿಯಿತು, ಕೈಯಲ್ಲಿದ್ದ ಹಣವೂ ಕರಗಿತು. ಕೊನೆಗೆ ಅವರು ಡೆಟ್ರಾಯಿಟ್ ಬಳಿ ಬಡವರಿಗಾಗಿ ಇದ್ದ ಎಲೋಯಿಸ್ ಆಸ್ಪತ್ರೆ ಸೇರಿ, 1929ರ ಅಕ್ಟೋಬರ್ 10ರಂದು ನಿಧನರಾದರು.

ಅಮೆರಿಕದ ಪೇಟೆಂಟ್ ಕಚೇರಿ ರಾಜಧಾನಿ ವಾಷಿಂಗ್ಟನ್ನಿನ ಸುತ್ತಮುತ್ತ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. 2012ರಲ್ಲಿ ಅದು ತನ್ನ ಮೊದಲ ಶಾಖೆಯನ್ನು ಡೆಟ್ರಾಯಿಟ್‌ನಲ್ಲಿ ತೆರೆಯಿತು. ಅದಕ್ಕೆ ಎಲೈಜಾ ಮೆಕಾಯ್ ಅವರ ಹೆಸರನ್ನೇ ಇಟ್ಟರು.